ಸಭೆಯ ಗಲಾಟೆಗೆ ಇಂಗ್ಲಿಷಿನಲ್ಲಿ ಏನೆಂದು ಬರೆಯಬೇಕು?

ಪ್ರಶ್ನೆ: ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯವನು. ಮಗಳು ಕಲಿಯುವ ಕನ್ನಡ ಮಾಧ್ಯಮ ಶಾಲೆಯ ರಕ್ಷಕ ಶಿಕ್ಷಕ ಸಂಘದಲ್ಲಿ ಮಿನಿಟ್ಸ್ ಬರೆಯುವ ಕೆಲಸ ನನ್ನ ತಲೆಗೆ ಬಂದಿದೆ. ಕಳೆದ ಮಹಾಸಭೆಯಲ್ಲಿ ಶಾಲಾ ಬಸ್ಸಿನ ಲೆಕ್ಕ ಓದುವಾಗ ಮಾತಿಗೆ ಮಾತು ಬೆಳೆಯಿತು. ಕೆಲವರು ವೇದಿಕೆ ಹತ್ತಿದರು. ಒಂದು ಕುರ್ಚಿ ಮಗುಚಿ ಬಿತ್ತು. ಯಾರೂ ಯಾರ ಮೇಲೂ ಕೈ ಮಾಡಲಿಲ್ಲ. ‘ಲೆಕ್ಕಪತ್ರ ಮಂಡಿಸುವಾಗ ಗಲಾಟೆ ಉಂಟಾದ ಕಾರಣ ಸಭೆಯನ್ನು ಮುಂದೂಡಲಾಯಿತು’ ಎಂದು ಕನ್ನಡದಲ್ಲಿ ಬರೆದೆ. ಈಗ ಮೇಲಿನ ಕಚೇರಿಯವರು ಇಂಗ್ಲಿಷ್ ಪ್ರತಿ ಕೇಳಿದ್ದಾರೆ. ‘ದೇರ್ ವಾಸ್ ಎ ಕೇಯಾಸ್’ ಎಂದು ಬರೆದೆ. ಪರಿಚಯದ ಮಾಸ್ತರರೊಬ್ಬರು ‘ಅದು ಸರಿಯಲ್ಲ, ರಯಟ್ ಅಂತ ಹಾಕಿ’ ಎಂದರು. ಇನ್ನೊಬ್ಬರು ‘ಡಿಸಾರ್ಡರ್ ಅಂತ ಹಾಕಿ, ಗಂಭೀರವಾಗಿ ಕೇಳುತ್ತದೆ’ ಎಂದರು. ಒಂಬತ್ತನೆಯಲ್ಲಿರುವ ಮಗಳು ‘ಅದು ಚಾವೋಸ್ ಅಪ್ಪ’ ಅಂತಾಳೆ. ಯೂಟ್ಯೂಬಿನಲ್ಲಿ ಕೇಯಾಸ್ ಥಿಯರಿ ನೋಡಿದ್ದಾಳಂತೆ, ಅದರಲ್ಲಿ ನಿಯಮ ಇದ್ದೇ ಇರುತ್ತದೆ ಅಂತ ಅವಳ ವಾದ. ತಪ್ಪು ಪದ ಹಾಕಿದರೆ ನನಗೆ ತೊಂದರೆ ಆಗಬಹುದೇ? ಸರಿಯಾದ್ದು ಯಾವುದು?

ಉತ್ತರ: ಮೊದಲು ಒಂದು ಮಾತು. ರಯಟ್ ಅಂತ ಖಂಡಿತ ಬರೆಯಬೇಡಿ. ಬಾಕಿ ಪದಗಳ ವಿಷಯ ನಿಧಾನವಾಗಿ ಮಾತಾಡೋಣ, ಇದನ್ನು ಮಾತ್ರ ಈಗಲೇ ಹೊಡೆದು ಹಾಕಿ.

ಕಾರಣ ಹೇಳುತ್ತೇನೆ. ರಯಟ್ ಅನ್ನುವುದು ಬರೀ ಗಲಾಟೆಯ ಹೆಸರಲ್ಲ, ಕಾನೂನಿನಲ್ಲಿ ಅದು ಒಂದು ಅಪರಾಧದ ಹೆಸರು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 191ನೇ ಕಲಂ ಅದನ್ನು ವಿವರಿಸುತ್ತದೆ. ಐದು ಅಥವಾ ಹೆಚ್ಚು ಜನರ ಅಕ್ರಮ ಕೂಟ ಇರಬೇಕು, ಅವರ ಸಮಾನ ಉದ್ದೇಶ ಸಾಧಿಸಲು ಬಲ ಅಥವಾ ಹಿಂಸೆ ಬಳಸಿರಬೇಕು. ಎರಡು ವರ್ಷದ ತನಕ ಜೈಲು ಶಿಕ್ಷೆ ಕೊಡಬಹುದಾದ ಅಪರಾಧ ಅದು. ಕನ್ನಡದಲ್ಲಿ ನಾವು ದೊಂಬಿ ಅನ್ನುವುದು ಇದಕ್ಕೆ. ಬಸ್ಸಿನ ಡೀಸೆಲ್ ಲೆಕ್ಕ ಕೇಳಿದ ಅಪ್ಪ ಅಮ್ಮಂದಿರ ಮೇಲೆ, ನಿಮ್ಮದೇ ಸಹಿ ಇರುವ ಕಾಗದದಲ್ಲಿ, ದೊಂಬಿಯ ಆರೋಪ ಹೊರಿಸಿದ ಹಾಗಾಗುತ್ತದೆ. ನಾಳೆ ಅವರಲ್ಲೊಬ್ಬರು ಅದರ ಪ್ರತಿ ತೆಗೆದುಕೊಂಡು ‘ನಾವು ಯಾವಾಗ ದೊಂಬಿ ಮಾಡಿದೆವು, ತೋರಿಸಿ’ ಎಂದು ಕೇಳಿದರೆ ಮಾಸ್ತರರು ಬಂದು ಉತ್ತರ ಕೊಡುವುದಿಲ್ಲ, ನೀವೇ ಕೊಡಬೇಕು. ಅಫ್ರೇ ಎಂಬ ಇನ್ನೊಂದು ಪದವೂ ಹೀಗೆಯೇ. ಅದು 194ನೇ ಕಲಂ. ಇಬ್ಬರು ಅಥವಾ ಹೆಚ್ಚು ಮಂದಿ ಸಾರ್ವಜನಿಕ ಜಾಗದಲ್ಲಿ ಹೊಡೆದಾಡಿ ಶಾಂತಿ ಕೆಡಿಸಿದರೆ ಅಫ್ರೇ. ನಿಮ್ಮಲ್ಲಿ ಹೊಡೆದಾಟವೇ ಆಗಿಲ್ಲ. ಅದೂ ಬೇಡ.

ಈ ತೊಂದರೆಯ ಬೇರು ಎಲ್ಲಿದೆ ಅಂದರೆ, ನಮ್ಮ ಗಲಾಟೆ ಎಂಬ ಪದದಲ್ಲಿ. ಅದರ ಹೊಟ್ಟೆ ಬಹಳ ದೊಡ್ಡದು. ‘ಮಕ್ಕಳೇ, ಗಲಾಟೆ ಮಾಡಬೇಡಿ’ ಅಂತೇವೆ. ‘ಆ ಮನೆಯಲ್ಲಿ ಗಂಡ ಹೆಂಡಿರ ಗಲಾಟೆ’ ಅಂತೇವೆ. ‘ಪೇಟೆಯಲ್ಲಿ ಗಲಾಟೆ ಆಗಿದೆ, ಬಸ್ಸಿಲ್ಲ’ ಎನ್ನುವುದೂ ಅದೇ ಬಾಯಲ್ಲಿ. ಮೂರೂ ಬೇರೆ ಬೇರೆ ಸಂಗತಿ. ಹೇಳುವವರ ದನಿ, ಮುಖ, ಊರಿನ ಸುದ್ದಿ ನೋಡಿ ನಾವು ಅರ್ಥ ಮಾಡಿಕೊಳ್ಳುತ್ತೇವೆ. ಕಾಗದಕ್ಕೆ ದನಿಯೂ ಇಲ್ಲ, ಮುಖವೂ ಇಲ್ಲ. ಅದನ್ನು ಇಂಗ್ಲಿಷಿಗೆ ತರುವಾಗ ಮೂರರಲ್ಲಿ ಯಾವುದು ಎಂದು ನೀವೇ ತೀರ್ಮಾನ ಮಾಡಬೇಕು. ಫೋನಿನ ತರ್ಜಮೆಗೆ ನಿಮ್ಮ ಸಭೆಯಲ್ಲಿ ಏನಾಯಿತೆಂದು ಗೊತ್ತಿಲ್ಲ. ಅದು ಒಂದು ಪದ ಎತ್ತಿ ಕೊಡುತ್ತದೆ, ಅಷ್ಟೇ.

ನಮ್ಮ ಕಡೆ ಇನ್ನೂ ಒಂದು ತಾಪತ್ರಯ ಇದೆ. ಒಂದೇ ಸಭೆಯಲ್ಲಿ ಕನ್ನಡ, ತುಳು, ಮಲಯಾಳ ಮೂರೂ ಓಡಾಡುತ್ತವೆ. ಮಲಯಾಳದಲ್ಲಿ ‘ಬಹಳಂ’ ಅಂದರೆ ಗದ್ದಲ. ನಮಗೆ ‘ಬಹಳ’ ಅಂದರೆ ಜಾಸ್ತಿ. ನಮ್ಮ ‘ಗೌಜಿ’ಯನ್ನೇ ನೋಡಿ. ‘ಮದುವೆ ಭಾರೀ ಗೌಜಿ’ ಅಂದರೆ ಇಲ್ಲಿ ಹೊಗಳಿಕೆ. ಜನ, ವಾದ್ಯ, ಊಟ ಎಲ್ಲ ಜೋರು ಎಂದು ಅರ್ಥ. ಅದನ್ನು ಕೇಯಾಸ್ ಎಂದು ಅನುವಾದ ಮಾಡಿದರೆ ಮದುವೆ ಮನೆಯವರು ಬೇಸರಪಡುತ್ತಾರೆ. ಸಂಘ, ಸಹಕಾರಿ ಬ್ಯಾಂಕು, ದೇವಸ್ಥಾನದ ಸಮಿತಿ ಅಂತ ಇಲ್ಲಿನ ಕಾಗದಗಳನ್ನು ಇಂಗ್ಲಿಷಿಗೆ ತರುವ ಕೆಲಸದಲ್ಲಿ ನಾನು ಕಂಡದ್ದೇನೆಂದರೆ, ಜನ ಕಷ್ಟದ ಪದದಲ್ಲಿ ಎಡವುವುದು ಕಡಿಮೆ. ಎಡವುವುದು ಇಂಥ ದಿನಬಳಕೆಯ ಪದಗಳಲ್ಲೇ.

ಈಗ ನಿಮ್ಮ ಕೇಯಾಸ್‌ಗೆ ಬರೋಣ. ಉಚ್ಚಾರದಲ್ಲಿ ನೀವು ಸರಿ, ಮಗಳು ತಪ್ಪು. ಆದರೆ ಅವಳನ್ನು ಗದರಿಸಬೇಡಿ. ಅಕ್ಷರ ನೋಡಿದರೆ ಯಾರಿಗೂ ಚಾವೋಸ್ ಎಂದೇ ಅನಿಸುತ್ತದೆ. ಗ್ರೀಕಿನಿಂದ ಇಂಗ್ಲಿಷಿಗೆ ಬಂದ ಪದಗಳಲ್ಲಿ ಸಿ, ಎಚ್ ಎರಡೂ ಸೇರಿದಲ್ಲಿ ಸಾಮಾನ್ಯವಾಗಿ ‘ಕ’ ಶಬ್ದ ಬರುತ್ತದೆ. ಸ್ಕೂಲ್, ಕೆಮಿಸ್ಟ್ರಿ, ಕೋರಸ್, ಎಕೋ, ಸ್ಟಮಕ್, ಕ್ಯಾರೆಕ್ಟರ್ ಎಲ್ಲ ಅದೇ ಜಾತಿ. ಅವಳು ದಿನಾ ಹೋಗುವುದು ಸ್ಕೂಲಿಗೆ, ಸ್ಚೂಲಿಗೆ ಅಲ್ಲ ತಾನೇ? ಹಾಗೆ ಹೇಳಿಕೊಟ್ಟರೆ ಮತ್ತೆ ಮರೆಯುವುದಿಲ್ಲ. ‘ಕೇ’ ಮೇಲೆ ಒತ್ತು, ‘ಆಸ್’ ಹಗುರ.

ವ್ಯಾಕರಣದಲ್ಲಿ ಮಾತ್ರ ನಿಮ್ಮದು ಒಂದು ಅಕ್ಷರ ಹೆಚ್ಚಾಯಿತು. ಕೇಯಾಸ್ ಎಣಿಸಲಾಗದ ನಾಮಪದ. ಅದರ ಹಿಂದೆ ‘ಎ’ ಬರುವುದಿಲ್ಲ. ‘ದೇರ್ ವಾಸ್ ಕೇಯಾಸ್’, ಅಷ್ಟೇ. ಬಹುವಚನವೂ ಇಲ್ಲ. ಕ್ರಿಯಾಪದವೂ ಇಲ್ಲ. ಗುಣವಾಚಕ ಬೇಕಾದರೆ ‘ಕೇಯಾಟಿಕ್’. ‘ಕೇಯಾಟಿಕ್ ಮೀಟಿಂಗ್’ ಎನ್ನುವಾಗ ಮಾತ್ರ ‘ಎ’ ಬರಬಹುದು, ಯಾಕೆಂದರೆ ಅಲ್ಲಿ ಎಣಿಸುವುದು ಮೀಟಿಂಗನ್ನು. ತೀರಾ ಜೋರಾಗಿ ಹೇಳಬೇಕಾದರೆ ‘ಅಟರ್ ಕೇಯಾಸ್’, ‘ಟೋಟಲ್ ಕೇಯಾಸ್’ ಅನ್ನುತ್ತಾರೆ. ‘ವೆರಿ ಕೇಯಾಸ್’ ಅನ್ನುವುದಿಲ್ಲ. ‘ಬಿಗ್ ಕೇಯಾಸ್’ ಅಂತ ನಮ್ಮ ಕಡೆ ಜಾಸ್ತಿ ಕೇಳಿಸುತ್ತದೆ, ಅದೂ ಇಂಗ್ಲಿಷಿನ ಜಾಯಮಾನಕ್ಕೆ ಒಗ್ಗುವುದಿಲ್ಲ.

ಅರ್ಥ? ಕೇಯಾಸ್ ಅಂದರೆ ಜಗಳ ಎಂದು ತುಂಬಾ ಜನ ತಿಳಿದಿದ್ದಾರೆ. ಅದು ತಪ್ಪು. ಕೇಯಾಸ್ ಆಗಲು ಯಾರೂ ಜಗಳ ಆಡಬೇಕಾಗಿಲ್ಲ, ಯಾರೂ ಕೂಗಬೇಕಾಗಿಯೂ ಇಲ್ಲ. ಯಾವುದಕ್ಕೂ ಒಂದು ಕ್ರಮ ಇಲ್ಲದೆ, ಯಾರ ಹಿಡಿತಕ್ಕೂ ಸಿಗದ ಸ್ಥಿತಿ ಅದು. ಜೂನ್ ತಿಂಗಳ ಬೆಳಿಗ್ಗೆ, ಧೋ ಎಂದು ಮಳೆ, ಶಾಲೆ ಶುರುವಾದ ದಿನ, ಹೆದ್ದಾರಿ 66ರ ಕೆಲಸ ನಡೆಯುವಲ್ಲಿ ಬಸ್ಸು, ರಿಕ್ಷಾ, ಟಿಪ್ಪರ್ ಎಲ್ಲ ಒಂದರ ಮೂತಿಗೆ ಒಂದು ಸಿಕ್ಕಿಕೊಂಡಿವೆ. ಮುಂದೂ ಇಲ್ಲ, ಹಿಂದೂ ಇಲ್ಲ. ಎಲ್ಲರೂ ಒಳ್ಳೆಯವರೇ, ಯಾರೂ ಬೈದಿಲ್ಲ. ಆದರೂ ಅದು ‘ಟ್ರಾಫಿಕ್ ಕೇಯಾಸ್’. ಅದೇ ಜಾಗದಲ್ಲಿ ಇಬ್ಬರು ಚಾಲಕರು ಇಳಿದು ಕೊರಳಪಟ್ಟಿ ಹಿಡಿದರೆ ಅದು ಜಗಳ. ಅದಕ್ಕೆ ಕೇಯಾಸ್ ಬೇಡ, ಫೈಟ್ ಸಾಕು.

ಮೂಲ ನೋಡಿದರೂ ಹೀಗೆಯೇ. ಗ್ರೀಕಿನಲ್ಲಿ ಈ ಪದಕ್ಕೆ ಮೊದಲಿದ್ದ ಅರ್ಥ ಬಾಯಿ ತೆರೆದ ಶೂನ್ಯ, ಅಗಾಧ ಬಿರುಕು. ಅವರ ಪುರಾಣದಲ್ಲಿ ಎಲ್ಲಕ್ಕಿಂತ ಮೊದಲು ಇದ್ದದ್ದೇ ಅದು. ಆಮೇಲೆ ರೋಮನ್ನರ ಕಾಲದಲ್ಲಿ ಸೃಷ್ಟಿಗೆ ಮೊದಲಿನ ರೂಪವಿಲ್ಲದ ಮುದ್ದೆ ಎಂದಾಯಿತು. ಈಗಿನ ಅವ್ಯವಸ್ಥೆ ಎಂಬ ಅರ್ಥ ಅಲ್ಲಿಂದ ಬೆಳೆದದ್ದು. ಒಂದು ತಮಾಷೆ ಹೇಳುತ್ತೇನೆ. ನಿಮ್ಮ ಅಡುಗೆಮನೆಯ ಗ್ಯಾಸ್ ಇದೆಯಲ್ಲ, ಆ ಪದ ಹುಟ್ಟಿದ್ದೂ ಇದರಿಂದಲೇ. 17ನೇ ಶತಮಾನದಲ್ಲಿ ವಾನ್ ಹೆಲ್ಮಾಂಟ್ ಎಂಬ ರಸಾಯನ ವಿಜ್ಞಾನಿ, ಪಾತ್ರೆಯಲ್ಲಿ ನಿಲ್ಲದೆ ಹರಡಿಹೋಗುವ ವಸ್ತುವಿಗೆ ಹೆಸರು ಹುಡುಕುವಾಗ ಕೇಯಾಸ್ ಎಂಬುದನ್ನೇ ತನ್ನ ಡಚ್ ಉಚ್ಚಾರಕ್ಕೆ ಬಗ್ಗಿಸಿ ಗ್ಯಾಸ್ ಮಾಡಿದ.

ಮಗಳ ಥಿಯರಿ ವಾದ ಅರ್ಧ ಸರಿ. ಎಡ್ವರ್ಡ್ ಲೊರೆಂಜ್ ಎಂಬ ಹವಾಮಾನ ವಿಜ್ಞಾನಿ 1961ರಲ್ಲಿ ಕಂಪ್ಯೂಟರಿನಲ್ಲಿ ಒಂದು ಲೆಕ್ಕವನ್ನು ಮತ್ತೆ ಓಡಿಸುವಾಗ 0.506127 ಎಂಬ ಸಂಖ್ಯೆಯ ಬದಲು 0.506 ಎಂದು ಕೊಟ್ಟರು. ಸೂತ್ರ ಅದೇ, ಯಂತ್ರ ಅದೇ. ಸ್ವಲ್ಪ ದೂರ ಹೋದಮೇಲೆ ಬಂದ ಹವಾಮಾನ ಮಾತ್ರ ಪೂರಾ ಬೇರೆ. 1963ರಲ್ಲಿ ಅವರು ಇದನ್ನು ಪ್ರಕಟಿಸಿದರು. ಇಂಥದ್ದಕ್ಕೆ ಗಣಿತದಲ್ಲಿ ಕೇಯಾಸ್ ಎಂಬ ಹೆಸರು ಊರಿದ್ದು 1975ರಲ್ಲಿ, ಲೀ ಮತ್ತು ಯಾರ್ಕ್ ಬರೆದ ಪ್ರಬಂಧದಿಂದ. ಅಲ್ಲಿ ನಿಯಮ ಕಟ್ಟುನಿಟ್ಟಾಗಿ ಇರುತ್ತದೆ, ಶುರುವಿನ ಕೂದಲೆಳೆಯ ವ್ಯತ್ಯಾಸ ಕೊನೆಗೆ ಭಾರೀ ಆಗಿಬಿಡುತ್ತದೆ, ಆದ್ದರಿಂದ ಮುಂದೆ ಏನೆಂದು ಹೇಳಲಾಗುವುದಿಲ್ಲ. ಅದು ವಿಜ್ಞಾನದವರ ಕೇಯಾಸ್. ಮಿನಿಟ್ಸ್ ಪುಸ್ತಕದಲ್ಲಿ ಆ ಅರ್ಥ ನಡೆಯುವುದಿಲ್ಲ. ಅವಳು ಈ ಎರಡನ್ನೂ ಬೇರೆ ಮಾಡಿ ನೋಡಿದರೆ ಸಾಕು.

ಹಾಗಾದರೆ ‘ಎ’ ತೆಗೆದು ಕೇಯಾಸ್ ಎಂದೇ ಇಟ್ಟರೆ ಆಗದೇ? ಭಾಷೆಯ ಮಟ್ಟಿಗೆ ಆಗುತ್ತದೆ. ನಿಮ್ಮ ಕಾಗದಕ್ಕೆ ಮಾತ್ರ ನಾನು ಬೇಡ ಎನ್ನುತ್ತೇನೆ. ಗೊಂದಲಕ್ಕೆ ಇಂಗ್ಲಿಷಿನಲ್ಲಿ ಇರುವ ಒಂದೊಂದು ಪದವೂ ಒಬ್ಬೊಬ್ಬರ ಕಡೆ ಬೆರಳು ತೋರಿಸುತ್ತದೆ. ನಿಘಂಟಿನಲ್ಲಿ ಎಲ್ಲ ಪಕ್ಕಪಕ್ಕ ಕೂತಿರುತ್ತವೆ, ಸಮಾನಾರ್ಥ ಎಂದು ಬರೆದಿರುತ್ತದೆ, ಅದನ್ನು ನಂಬಿ ಒಂದರ ಬದಲು ಇನ್ನೊಂದು ಹಾಕಬಾರದು. ಸಭೆಯಲ್ಲಿ ಕೇಯಾಸ್ ಆಯಿತೆಂದರೆ ಓದುವವರು ಮೊದಲು ಕೇಳುವುದು ಏನು? ‘ಸಭೆ ನಡೆಸುತ್ತಿದ್ದವರು ಯಾರು? ಅವರಿಗೆ ಹಿಡಿತ ಇರಲಿಲ್ಲವೇ?’ ಬೆರಳು ಅಧ್ಯಕ್ಷರ ಕಡೆ, ನಿಮ್ಮ ಕಡೆ ತಿರುಗಿತು. ರಯಟ್ ಅಂದರೆ ಕೂಗಿದ ಪೋಷಕರು ಅಪರಾಧಿಗಳು. ಕನ್‌ಫ್ಯೂಷನ್ ಅಂದರೆ ಅವರಿಗೆ ಲೆಕ್ಕ ಅರ್ಥವಾಗಲಿಲ್ಲ ಎಂದಾಗುತ್ತದೆ. ಅವರು ಅದಕ್ಕೂ ತಕರಾರು ಎತ್ತುತ್ತಾರೆ, ಎತ್ತಬೇಕು ಕೂಡ. ‘ನಮಗೆ ಚೆನ್ನಾಗಿಯೇ ಅರ್ಥವಾಗಿತ್ತು, ಅದಕ್ಕೇ ಕೇಳಿದ್ದು’ ಎನ್ನಬಹುದಲ್ವಾ? ಮೆದು ಪದ ಎಂದು ಕನ್‌ಫ್ಯೂಷನ್ ಹಾಕುವವರು ಬಹಳ. ಎದುರಿನವರನ್ನು ದಡ್ಡರೆಂದು ಬರೆದಂತೆ ಆಗುತ್ತದೆ ಎಂಬುದು ಅವರಿಗೆ ಹೊಳೆಯುವುದಿಲ್ಲ.

ಡಿಸಾರ್ಡರ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಯಾಕೆಂದರೆ ಇದು ಕಚೇರಿ ಭಾಷೆಯ ಪದವೇ. ಲೋಕಸಭೆಯ ಕಾರ್ಯವಿಧಾನ ನಿಯಮಗಳಲ್ಲಿ 375ನೆಯದು ಇದರ ಮೇಲೆಯೇ ನಿಂತಿದೆ. ಸದನದಲ್ಲಿ ‘ಗ್ರೇವ್ ಡಿಸಾರ್ಡರ್’ ಉಂಟಾದರೆ ಸ್ಪೀಕರ್ ಕಲಾಪ ಮುಂದೂಡಬಹುದು. ಟಿವಿಯಲ್ಲಿ ‘ಆರ್ಡರ್, ಆರ್ಡರ್’ ಎಂದು ಕೇಳುತ್ತೇವಲ್ಲ, ಅದೇ ಆರ್ಡರ್ ಇಲ್ಲದ್ದು ಡಿಸಾರ್ಡರ್. ಸಭೆಗೊಂದು ನಿಯಮ ಇದೆ, ಅದು ಮುರಿಯಿತು ಎಂಬ ಅರ್ಥ. ಆದ್ದರಿಂದ ನಿಮಗೆ ಸಲಹೆ ಕೊಟ್ಟ ಎರಡನೆಯವರದ್ದು ತೀರಾ ತಪ್ಪಲ್ಲ. ಇಲ್ಲಿ ‘ಎ’ ಸೇರಿಸಿದರೆ ಮಾತ್ರ ಗ್ರಹಚಾರ. ‘ಡಿಸಾರ್ಡರ್’ ಅಂದರೆ ಅವ್ಯವಸ್ಥೆ, ‘ಎ ಡಿಸಾರ್ಡರ್’ ಅಂದರೆ ಸಾಮಾನ್ಯವಾಗಿ ಕಾಯಿಲೆ. ನಿದ್ದೆಯ ತೊಂದರೆಗೆ ಸ್ಲೀಪ್ ಡಿಸಾರ್ಡರ್ ಎನ್ನುತ್ತಾರಲ್ಲ, ಹಾಗೆ. ‘ದ ಮೀಟಿಂಗ್ ಹ್ಯಾಡ್ ಎ ಡಿಸಾರ್ಡರ್’ ಎಂದು ಬರೆದರೆ ಸಭೆಗೇ ರೋಗ ಬಂದ ಹಾಗೆ. ಇನ್ನು ‘ಔಟ್ ಆಫ್ ಆರ್ಡರ್’ ಎಂದು ಹಾಕೋಣವೆಂದರೆ ಅದು ಕೆಟ್ಟುಹೋದ ಲಿಫ್ಟಿಗೆ, ಪಂಪಿಗೆ ತಗಲಿಸುವ ಬೋರ್ಡು. ಸಭೆಯಲ್ಲಿ ಒಬ್ಬರ ಮಾತು ನಿಯಮಕ್ಕೆ ಹೊರತಾದದ್ದು ಎಂದು ಅಧ್ಯಕ್ಷರು ತಳ್ಳಿಹಾಕುವಾಗಲೂ ಬಳಸುತ್ತಾರೆ. ಇಡೀ ಸಭೆಗೆ ಹೊಂದುವುದಿಲ್ಲ.

ಅನಾರ್ಕಿ ದೂರ ಇಡಿ, ಅದು ಆಳುವವರೇ ಇಲ್ಲದ ಸ್ಥಿತಿ, ದೇಶ ರಾಜ್ಯಗಳ ಮಟ್ಟದ ಮಾತು. ಪ್ಯಾಂಡೆಮೋನಿಯಂ ಪತ್ರಿಕೆಯವರಿಗೆ ಬಲು ಪ್ರಿಯ. 1667ರಲ್ಲಿ ಮಿಲ್ಟನ್ ಕವಿ ನರಕದ ರಾಜಧಾನಿಗೆ ಇಟ್ಟ ಹೆಸರದು. ನಿಮ್ಮ ಶಾಲೆಯ ಸಭಾಂಗಣಕ್ಕೆ ಬೇಡ. ಮೆಸ್ ಎಂಬುದು ಮಾತಿನಲ್ಲಿ ಸರಿ, ಕಾಗದದಲ್ಲಿ ಹಗುರ. ಅದಕ್ಕೆ ‘ಎ’ ಬೇಕೇ ಬೇಕು, ‘ಇಟ್ ವಾಸ್ ಎ ಮೆಸ್’. ಹಾಸ್ಟೆಲಿನ ಮೆಸ್ಸೂ ಇದೂ ಒಂದೇ ಪದ. ಮೊದಲು ಊಟದ ತಟ್ಟೆಗೆ ಬಡಿಸುವ ಅಡುಗೆ ಎಂದಿತ್ತು, ಕಲಸುಮೇಲೋಗರ ಎಂಬ ಅರ್ಥ ಆಮೇಲೆ ಬಂತು. ಹಾಸ್ಟೆಲಿನಲ್ಲಿ ಉಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಿಮ್ಮಲ್ಲಿ ನಡೆದದ್ದಕ್ಕೆ ಹತ್ತಿರದ ಪದ ಅಪ್‌ರೋರ್. ತುಂಬಾ ಮಂದಿ ಒಟ್ಟಿಗೆ ದನಿ ಎತ್ತಿ ಆಕ್ಷೇಪಿಸುವುದು. ಹೊಡೆದಾಟ ಅದರೊಳಗೆ ಇಲ್ಲ, ಆಕ್ಷೇಪ ಇದೆ. ಕಮೋಷನ್ ಇನ್ನೂ ಮೆದು, ಸ್ವಲ್ಪ ಹೊತ್ತಿನ ಗದ್ದಲ, ಎದ್ದು ಇಳಿದು ಹೋಗುವಂಥದ್ದು. ಕುರ್ಚಿ ಬಿದ್ದ ಐದು ನಿಮಿಷಕ್ಕೆ ಅದು ಹೊಂದಬಹುದು. ಅರ್ಧ ಗಂಟೆಯ ವಾಗ್ವಾದಕ್ಕೆ ಕಮೋಷನ್ ಎಂದರೆ ವಿಷಯ ಮುಚ್ಚಿಹಾಕಿದ ಹಾಗೆ ಕಾಣುತ್ತದೆ. ಲೆಕ್ಕದ ವಿಷಯವಾದ್ದರಿಂದ ಅದು ಒಳ್ಳೆಯದಲ್ಲ.

ನಾನಾದರೆ ಯಾವ ಪದವನ್ನೂ ಹಾಕುವುದಿಲ್ಲ. ಏನಾಯಿತೋ ಅದನ್ನು ಬರೆಯುತ್ತೇನೆ. ಲೆಕ್ಕ ಓದುವಾಗ ಕೆಲವು ಸದಸ್ಯರು ಆಕ್ಷೇಪ ಎತ್ತಿದರು. ಹಲವರು ಒಟ್ಟಿಗೆ ಮಾತಾಡಿದ್ದರಿಂದ ಅಧ್ಯಕ್ಷರ ಮಾತು ಕೇಳಿಸಲಿಲ್ಲ. ಕೆಲವರು ವೇದಿಕೆಯ ಮೇಲೆ ಬಂದರು. ಇಷ್ಟು ಗಂಟೆಗೆ ಸಭೆಯನ್ನು ನಿಲ್ಲಿಸಲಾಯಿತು. ಇಂಗ್ಲಿಷಿನಲ್ಲಿ ಇದು ನಾಲ್ಕು ಸಣ್ಣ ವಾಕ್ಯ. ‘ಸಮ್ ಮೆಂಬರ್ಸ್ ಅಬ್ಜೆಕ್ಟೆಡ್ ಟು ದಿ ಅಕೌಂಟ್ಸ್’ ಎಂದು ಶುರು ಮಾಡಿದರೆ ಮುಂದಿನದು ತಾನಾಗಿ ಬರುತ್ತದೆ. ಇದರಲ್ಲಿ ಯಾರೂ ಜಗಳಗಂಟರಲ್ಲ, ಯಾರೂ ಅಸಮರ್ಥರಲ್ಲ. ಯಾರು ಕೇಳಿದರೂ ‘ಹೌದು, ಹೀಗೇ ಆಯಿತು’ ಎಂದು ಹೇಳಬಹುದು.

ಇದರಲ್ಲೂ ಒಂದು ಅಪಾಯ ಇದೆ, ಅದನ್ನೂ ಹೇಳಿಬಿಡುತ್ತೇನೆ. ನಿಮ್ಮ ಕನ್ನಡದ ಮೂಲದಲ್ಲಿ ಇರುವುದು ‘ಗಲಾಟೆ’ ಎಂಬ ಒಂದೇ ಪದ. ಇಂಗ್ಲಿಷಿನಲ್ಲಿ ನಾಲ್ಕು ವಾಕ್ಯ ಬಂದರೆ ‘ಇದು ಅನುವಾದ ಅಲ್ಲ, ಹೊಸದಾಗಿ ಬರೆದದ್ದು’ ಎಂದು ಯಾರಾದರೂ ಎತ್ತಬಹುದು. ಅನುವಾದಕ್ಕೆ ‘ಮೂಲಕ್ಕೆ ಸರಿಯಾಗಿದೆ’ ಎಂದು ಸಹಿ ಹಾಕುವವರು ಇದನ್ನು ಯೋಚಿಸಲೇಬೇಕು. ಹಾಗಾಗಿ ಎರಡು ದಾರಿ. ಅನುವಾದ ಅನುವಾದವಾಗಿಯೇ ಇರಲಿ ಎಂದರೆ ‘ಗಲಾಟೆ’ಯ ಜಾಗದಲ್ಲಿ ಅಪ್‌ರೋರ್ ಹಾಕಿ, ಕನ್ನಡದ ಪ್ರತಿಯನ್ನು ಜತೆಗೆ ಲಗತ್ತಿಸಿ. ವಿವರ ಬೇಕು ಎಂದರೆ ಅನುವಾದದ ಕೆಳಗೆ ಬೇರೆ ಟಿಪ್ಪಣಿಯಾಗಿ ಬರೆದು, ಅದು ನಿಮ್ಮ ವಿವರಣೆ ಎಂದು ಸ್ಪಷ್ಟ ಮಾಡಿ, ಅಧ್ಯಕ್ಷರಿಂದಲೂ ಸಹಿ ಮಾಡಿಸಿ. ಹಳೆಯ ಮಿನಿಟ್ಸನ್ನು ಮಾತ್ರ ತಿದ್ದಲು ಹೋಗಬೇಡಿ. ಬಿಳಿ ಶಾಯಿ ಬಿದ್ದ ಪುಸ್ತಕವನ್ನು ಯಾರೂ ನಂಬುವುದಿಲ್ಲ. ಬದಲಾವಣೆ ಬೇಕಿದ್ದರೆ ಮುಂದಿನ ಸಭೆಯಲ್ಲಿ ಓದಿ ಹೇಳಿ, ಅಲ್ಲಿ ಒಪ್ಪಿದ್ದನ್ನು ಹೊಸದಾಗಿ ಬರೆಯಿರಿ.

ನೀವು ಕೇಳದ ಇನ್ನೊಂದು ಪದ ಆ ವಾಕ್ಯದಲ್ಲಿ ಕೂತಿದೆ. ‘ಮುಂದೂಡಲಾಯಿತು’. ನೀವು ಅದಕ್ಕೆ ಬಹುಶಃ ಪೋಸ್ಟ್‌ಪೋನ್ಡ್ ಎಂದು ಹಾಕಿರುತ್ತೀರಿ. ಸಭೆ ಶುರುವಾಗುವ ಮೊದಲೇ ತಾರೀಕು ಬದಲಾದರೆ ಪೋಸ್ಟ್‌ಪೋನ್ಡ್. ಶುರುವಾದ ಸಭೆಯನ್ನು ನಡುವೆ ನಿಲ್ಲಿಸಿ ಮತ್ತೆ ಸೇರೋಣ ಎಂದರೆ ಅಡ್ಜರ್ನ್ಡ್. ಇದು ಗಲಾಟೆಗಿಂತ ದೊಡ್ಡ ವಿಷಯ, ಯಾಕೆಂದರೆ ಪೋಸ್ಟ್‌ಪೋನ್ಡ್ ಎಂದರೆ ಆ ದಿನ ಸಭೆಯೇ ನಡೆಯಲಿಲ್ಲ ಎಂದಾಗುತ್ತದೆ. ಆಗ ಲೆಕ್ಕ ಓದುವ ಮೊದಲು ನೀವು ಮಾಡಿದ ನಿರ್ಣಯಗಳ ಗತಿ ಏನು ಎಂಬ ಪ್ರಶ್ನೆ ಏಳುತ್ತದೆ. ಡಿಸ್ಪರ್ಸ್ಡ್ ಎಂದೂ ಬರೆಯಬೇಡಿ, ಅದು ಪೊಲೀಸರು ಗುಂಪು ಚದುರಿಸುವಾಗ ಬರುವ ಪದ. ಅಡ್ಜರ್ನ್ಡ್ ಎಂದು ಹಾಕಿ, ಎಷ್ಟು ಗಂಟೆಗೆ ಎಂದು ಬರೆಯಿರಿ, ಮತ್ತೆ ಸೇರುವ ದಿನ ಗೊತ್ತಾಗಿದ್ದರೆ ಅದನ್ನೂ ಸೇರಿಸಿ.